ಹಳೆ 486, ಪೆಂಟಿಯಮ್ ಯಂತ್ರಗಳಿಗೆ ಸಿಎಫ್–ಐಡಿಇ ಅಡಾಪ್ಟರ್: ವರ್ಷಾನುಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಐಡಿಇ (ಹಳೆ ಕಂಪ್ಯೂಟರುಗಳು ಡಿಸ್ಕ್ ಜೋಡಿಸುತ್ತಿದ್ದ ಪದ್ಧತಿ) ಹಾರ್ಡ್ ಡಿಸ್ಕ್ ಸತ್ತ ಹಳೆ ಕಂಪ್ಯೂಟರಿಗೆ ಕಾಂಪ್ಯಾಕ್ಟ್‌ಫ್ಲ್ಯಾಶ್ (ಸಿಎಫ್) ಮೆಮೊರಿ ಕಾರ್ಡನ್ನೇ ಡಿಸ್ಕಾಗಿ ಜೋಡಿಸಿಕೊಡುವ ಪುಟ್ಟ ಬೋರ್ಡು ಇದು. ಒಂದು ಕಡೆ 40 ಪಿನ್ನಿನ ಐಡಿಇ ಕನೆಕ್ಟರ್, ಇನ್ನೊಂದು ಕಡೆ ಕಾರ್ಡ್ ಕೂರುವ 50 ಪಿನ್ನಿನ ಗೂಡು, ಪವರ್‌ಗೆ ಫ್ಲಾಪಿ ಡ್ರೈವಿನಂಥ ಸಣ್ಣ ಕನೆಕ್ಟರ್, ಒಂದೆರಡು ಜಂಪರ್. ಬಹುಪಾಲು ಬೋರ್ಡುಗಳ ಮೇಲೆ ತಯಾರಕರ ಹೆಸರೂ ಇರುವುದಿಲ್ಲ. 486 ಮತ್ತು ಪೆಂಟಿಯಮ್ ಯಂತ್ರಗಳಲ್ಲಿ ದೀರ್ಘಕಾಲ ಬಳಸಿದ ಮೇಲೆ ಹೇಳುವುದಾದರೆ, ಅಡಾಪ್ಟರ್ ತನ್ನ ಕೆಲಸ ಚೆನ್ನಾಗಿ ಮಾಡುತ್ತದೆ. ತಲೆನೋವೆಲ್ಲ ಬೇರೆ ಕಡೆ ಇದೆ: ಯಾವ ಕಾರ್ಡ್ ಹಾಕುತ್ತೀರಿ, ಆ ಕಾರ್ಡನ್ನು ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಹೇಗೆ ಓದುತ್ತದೆ ಎಂಬುದರಲ್ಲಿ.

ಇಷ್ಟು ಹಳೆಯ ಯಂತ್ರವನ್ನು ಎಸೆಯಬಾರದೇ ಎನ್ನುವವರಿಗೆ ಉತ್ತರ ಯಂತ್ರದ ಒಳಗೇ ಇರುತ್ತದೆ. ಡಾಸ್‌ನಲ್ಲಿ ಕನ್ನಡ ಮೂಡಿಸುತ್ತಿದ್ದ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡಿಗೆ ಐಎಸ್‌ಎ ಎಂಬ ಹಳೆ ಬಗೆಯ ಸ್ಲಾಟ್ ಬೇಕು. ಇಂದಿನ ಮದರ್‌ಬೋರ್ಡಿನಲ್ಲಿ ಅದಿಲ್ಲ. ಆ ಕಾಲದ ಹಲವು ಡಿಟಿಪಿ ತಂತ್ರಾಂಶಗಳು ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ (ಪರವಾನಗಿಯ ಕೀಲಿ) ಇಲ್ಲದೆ ತೆರೆಯುವುದೇ ಇಲ್ಲ. ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಬದಲಿಸುವ ಕೇಬಲ್ ಪ್ರಿಂಟರಿಗೆ ಸರಿ, ಡಾಂಗಲ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಹೀಗಾಗಿ ಯಂತ್ರ ಉಳಿಯಬೇಕು. ಅದರಲ್ಲಿ ಮೊದಲು ಕೈಕೊಡುವ ಭಾಗಗಳಲ್ಲಿ ಹಾರ್ಡ್ ಡಿಸ್ಕ್ ಒಂದು.

ಅಡಾಪ್ಟರ್ ಹಾಕುವ ಮುನ್ನ ಹಳೆ ಡಿಸ್ಕಿನಲ್ಲಿರುವುದನ್ನು ಹೊರತೆಗೆಯಿರಿ. ಡಿಸ್ಕ್ ಇನ್ನೂ ತಿರುಗುತ್ತಿದ್ದರೆ ಅದರ ಮೇಲೆ ಸ್ಕ್ಯಾನ್‌ಡಿಸ್ಕ್, ಡಿಫ್ರಾಗ್ ಯಾವುದನ್ನೂ ಓಡಿಸಬೇಡಿ. ಸಾಯುತ್ತಿರುವ ಡಿಸ್ಕಿಗೆ ಅವು ಹೆಚ್ಚುವರಿ ಹೊರೆ, ಮೇಲಾಗಿ ಬರೆಯಲು ಬೇರೆ ಹೋಗುತ್ತವೆ. ಇಲ್ಲಿ ಬಹಳ ಜನ ಯುಎಸ್‌ಬಿ–ಐಡಿಇ ಕೇಬಲ್ ತಂದು, ಡಿಸ್ಕ್ ಕಾಣಲಿಲ್ಲ ಎಂದು ಕೈಚೆಲ್ಲುತ್ತಾರೆ. 90ರ ದಶಕದ ಆರಂಭದ ಎಷ್ಟೋ ಡಿಸ್ಕುಗಳಿಗೆ ಎಲ್‌ಬಿಎ (ಸೆಕ್ಟರುಗಳನ್ನು ಒಂದೇ ಸಾಲಿನ ಸಂಖ್ಯೆಯಿಂದ ಗುರುತಿಸುವ ಕ್ರಮ) ಗೊತ್ತಿಲ್ಲ, ಜಾಗವನ್ನು ಮೂರು ಸಂಖ್ಯೆಗಳಿಂದ ಹೇಳುವ ಸಿಲಿಂಡರ್–ಹೆಡ್–ಸೆಕ್ಟರ್ ಲೆಕ್ಕ ಮಾತ್ರ ಗೊತ್ತು. ಕೇಬಲಿನೊಳಗಿನ ಚಿಪ್ ಎಲ್‌ಬಿಎಯಲ್ಲಷ್ಟೇ ಮಾತಾಡುತ್ತದೆ. ಡಿಸ್ಕ್ ಕೆಟ್ಟಿಲ್ಲ, ಭಾಷೆ ಹೊಂದಿಲ್ಲ ಅಷ್ಟೆ. ಮದರ್‌ಬೋರ್ಡಿನ ಮೇಲೆಯೇ ಐಡಿಇ ಪೋರ್ಟ್ ಇರುವ ಯಂತ್ರವೊಂದಕ್ಕೆ ಅದನ್ನು ಜೋಡಿಸಿ, ಲಿನಕ್ಸ್‌ನಲ್ಲಿ ಕೆಡುತ್ತಿರುವ ಡಿಸ್ಕಿನ ನಕಲು ತೆಗೆಯುವ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿ. ಮೊದಲ ಸುತ್ತಿನಲ್ಲಿ ಕೆಟ್ಟ ಸೆಕ್ಟರುಗಳನ್ನು ಕೆದಕದೆ ಸುಲಭವಾಗಿ ಬರುವುದನ್ನೆಲ್ಲ ಎಳೆದುಕೊಳ್ಳಿ, ಆಮೇಲೆ ಉಳಿದದ್ದಕ್ಕೆ ಎರಡು ಮೂರು ಸಲ ಪ್ರಯತ್ನಿಸಿ. ಎಲ್ಲಿವರೆಗೆ ನಕಲಾಯಿತು ಎಂದು ದಾಖಲಿಸುವ ಅದರ ಮ್ಯಾಪ್ ಫೈಲನ್ನು ಬೇರೆ ಡಿಸ್ಕಿನಲ್ಲಿ ಇಡಿ. ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯಬಹುದು.

ಡಿಸ್ಕ್ ತಿರುಗುತ್ತಲೇ ಇಲ್ಲ ಎಂದರೆ ಹೆಡ್ ತಟ್ಟೆಗೆ ಅಂಟಿಕೊಂಡಿರಬಹುದು. ಪವರ್ ಕೊಡುವ ಹೊತ್ತಿಗೆ ಡಿಸ್ಕನ್ನು ಅಂಗೈಯಲ್ಲಿ ಮಟ್ಟಸವಾಗಿ ಹಿಡಿದು, ತಟ್ಟೆ ತಿರುಗುವ ದಿಕ್ಕಿನಲ್ಲೇ ಒಮ್ಮೆ ಚುರುಕಾಗಿ ಹೊರಳಿಸಿದರೆ ಬಿಡಿಸಿಕೊಳ್ಳುವುದುಂಟು. ಕುಟ್ಟುವುದು ಬೇಡವೇ ಬೇಡ. ಕ್ವಾಂಟಮ್ ಪ್ರೋಡ್ರೈವ್ ಸರಣಿಯ ಡಿಸ್ಕುಗಳಲ್ಲಿ ಇನ್ನೊಂದು ಹೆಸರುವಾಸಿ ರೋಗವಿದೆ: ಹೆಡ್ಡಿನ ತೋಳು ತಾಗಿ ನಿಲ್ಲುವ ರಬ್ಬರ್ ತುಂಡು ವಯಸ್ಸಾಗಿ ಅಂಟಂಟಾಗುತ್ತದೆ. ತಟ್ಟೆ ತಿರುಗುವ ಸದ್ದು ಸರಿಯಾಗಿಯೇ ಬರುತ್ತದೆ, ತೋಳು ಮಾತ್ರ ಕದಲುವುದಿಲ್ಲ. ಮುಚ್ಚಳ ತೆಗೆದು ಆ ರಬ್ಬರಿನ ಜಾಗಕ್ಕೆ ಹೀಟ್‌ಶ್ರಿಂಕ್ ಟ್ಯೂಬಿನ ತುಂಡು ಹಾಕಿದರೆ ಡಿಸ್ಕ್ ಮತ್ತೆ ಓದುತ್ತದೆ. ಮುಚ್ಚಳ ತೆಗೆದ ಡಿಸ್ಕನ್ನು ದತ್ತಾಂಶ ನಕಲು ಮಾಡುವಷ್ಟು ಹೊತ್ತಿಗೆ ನಂಬಿ, ದಿನಬಳಕೆಗೆ ಬೇಡ.

ಈಗ ಅಡಾಪ್ಟರ್. ಇದರಲ್ಲಿ ಬುದ್ಧಿಯಿರುವ ಚಿಪ್ ಇಲ್ಲ, ತಂತಿ ಜೋಡಣೆ ಮಾತ್ರ. ಸಿಎಫ್ ಕಾರ್ಡಿನ 9ನೇ ಪಿನ್ ಗ್ರೌಂಡ್ ಆಗಿದ್ದಾಗ ಪವರ್ ಬಂದರೆ ಕಾರ್ಡೇ ಐಡಿಇ ಡಿಸ್ಕಿನಂತೆ ವರ್ತಿಸುತ್ತದೆ. ಸಿಎಫ್ ಇಷ್ಟು ಸಲೀಸಾಗಿ ಹೊಂದಿಕೊಳ್ಳುವುದು ಇದರಿಂದಲೇ. 3.3 ಮತ್ತು 5 ವೋಲ್ಟ್ ಆಯ್ಕೆಯ ಜಂಪರ್ ಇದ್ದರೆ 5ಕ್ಕೆ ಹಾಕಿ, ಹಳೆ ಬೋರ್ಡಿನ ಸಿಗ್ನಲ್‌ಗಳೆಲ್ಲ 5 ವೋಲ್ಟಿನವು. ಒಂದೇ ಒಂದು ದೋಷವನ್ನು ಕೊಳ್ಳುವಾಗಲೇ ಪರೀಕ್ಷಿಸಬೇಕು: ಅಗ್ಗದ ಕೆಲವು ಬೋರ್ಡುಗಳಲ್ಲಿ ಡಿಎಂಎ (ಪ್ರೊಸೆಸರಿನ ಕೈಯಿಲ್ಲದೆ ದತ್ತಾಂಶ ಸಾಗಿಸುವ ಕ್ರಮ) ತಂತಿಗಳನ್ನು ಜೋಡಿಸಿರುವುದಿಲ್ಲ. ಮಲ್ಟಿಮೀಟರಿನ ಬೀಪ್ ಇಟ್ಟು ಐಡಿಇ ಕಡೆಯ 21ನೇ ಪಿನ್ನಿಗೂ ಸಿಎಫ್‌ನ 43ನೇ ಪಿನ್ನಿಗೂ, ಐಡಿಇಯ 29ಕ್ಕೂ ಸಿಎಫ್‌ನ 44ಕ್ಕೂ ಸಂಪರ್ಕವಿದೆಯೇ ನೋಡಿ. ಇಲ್ಲದಿದ್ದರೆ ಡಾಸ್ ಚೆನ್ನಾಗಿಯೇ ಓಡುತ್ತದೆ. ವಿಂಡೋಸ್ 98ರಲ್ಲಿ ಡಿಎಂಎ ಆನ್ ಮಾಡಿದ ಕೂಡಲೇ, ಕಾರ್ಡ್ ತನಗೆ ಡಿಎಂಎ ಬರುತ್ತದೆ ಎಂದು ಹೇಳಿದರೂ ತಂತಿಯಿಲ್ಲದೆ, ಯಂತ್ರ ಗಕ್ಕನೆ ನಿಂತುಬಿಡುತ್ತದೆ. ಜನ ಕಾರ್ಡನ್ನು ಬೈಯುತ್ತಾರೆ, ತಪ್ಪು ಬೋರ್ಡಿನದು.

ಕಾರ್ಡಿನ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಕ್ಯಾಮೆರಾಗೆಂದು ಮಾಡಿದ ಕಾರ್ಡುಗಳು ಸಾಮಾನ್ಯವಾಗಿ ತಮ್ಮನ್ನು ತೆಗೆದುಹಾಕಬಹುದಾದ ಸಾಧನ ಎಂದು ಗುರುತಿಸಿಕೊಳ್ಳುತ್ತವೆ. ಡಾಸ್, ವಿಂಡೋಸ್ 95, 98 ಇದನ್ನು ಲೆಕ್ಕಿಸುವುದಿಲ್ಲ. ವಿಂಡೋಸ್ 2000, ಎಕ್ಸ್‌ಪಿ ಮಾತ್ರ ತಕರಾರು ತೆಗೆಯುತ್ತವೆ, ಒಂದಕ್ಕಿಂತ ಹೆಚ್ಚು ಪಾರ್ಟಿಷನ್ ತೋರಿಸುವುದಿಲ್ಲ. ಕಾರ್ಖಾನೆ ಯಂತ್ರಗಳಿಗಾಗಿ ಮಾಡುವ ಇಂಡಸ್ಟ್ರಿಯಲ್ ಕಾರ್ಡ್ ಸಾಮಾನ್ಯವಾಗಿ ಸ್ಥಿರ ಡಿಸ್ಕ್ ಎಂದೇ ಗುರುತಿಸಿಕೊಳ್ಳುತ್ತದೆ. ಒಳಗೆ ಕೋಶಕ್ಕೆ ಒಂದೇ ಬಿಟ್ ಇಡುವ ಎಸ್‌ಎಲ್‌ಸಿ ಮೆಮೊರಿ ಇದ್ದರೆ ಪ್ರತಿ ಜಾಗವೂ ಸುಮಾರು 1,00,000 ಸಲ ಅಳಿಸಿ ಬರೆಯುವುದನ್ನು ತಾಳಿಕೊಳ್ಳುತ್ತದೆ. ಕೋಶಕ್ಕೆ ಹೆಚ್ಚು ಬಿಟ್ ಇಡುವ ಎಂಎಲ್‌ಸಿಯಲ್ಲಿ ಇದು ಕೆಲವು ಸಾವಿರಗಳಷ್ಟೆ. ನಕಲಿ ಕಾರ್ಡುಗಳೂ ಬರುತ್ತವೆ, ಆದ್ದರಿಂದ ಬಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಅಥವಾ ಎಫ್3 ಎಂಬ ಪರೀಕ್ಷಾ ತಂತ್ರಾಂಶ ಹಾಕಿ ಪೂರ್ತಿ ಬರೆದು ಓದಿಸಿ.

ಗಾತ್ರ ದೊಡ್ಡದಿದ್ದಷ್ಟೂ ಒಳ್ಳೆಯದು ಎಂಬುದು ಇಲ್ಲಿ ನಡೆಯುವುದಿಲ್ಲ. ಹಳೆ 486 ಬಯೋಸ್‌ನ ಮಿತಿ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್. ಗುಣಿಸಿದರೆ 504 ಎಂಬಿ. 512 ಎಂಬಿ ಎಂದು ಮಾರುವ ಕಾರ್ಡಿನಲ್ಲಿ ನಿಜಕ್ಕೂ ಇರುವುದು ಸಾಮಾನ್ಯವಾಗಿ ಇದಕ್ಕಿಂತ ತುಸು ಕಡಿಮೆ, ಆದ್ದರಿಂದ ಅದು ಯಾವ ಕಸರತ್ತೂ ಇಲ್ಲದೆ ಕೂರುತ್ತದೆ. ಇನ್ನೊಂದು ಲಾಭವೂ ಇದೆ: ಡಾಸ್‌ನ ಕಡತ ವ್ಯವಸ್ಥೆ ಎಫ್‌ಎಟಿ16ರಲ್ಲಿ ಪಾರ್ಟಿಷನ್ 512 ಎಂಬಿಯೊಳಗೆ ಇದ್ದರೆ ಕ್ಲಸ್ಟರ್ (ಒಂದು ಕಡತ ಹಿಡಿಯುವ ಕನಿಷ್ಠ ಜಾಗ) 8 ಕೆಬಿ, 2 ಜಿಬಿಗೆ ಹೋದರೆ 32 ಕೆಬಿ. ಸಾವಿರಾರು ಸಣ್ಣ ಕಡತಗಳಿರುವ ಡಿಸ್ಕಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಡಾಸ್ 6.22 ಮತ್ತು ವಿಂಡೋಸ್ 3.1 ಇರುವ ಯಂತ್ರಕ್ಕೆ 512 ಎಂಬಿ ಧಾರಾಳ. ಹೆಚ್ಚು ಬೇಕೇ ಬೇಕು ಎನ್ನುವವರು ದೊಡ್ಡ ಡಿಸ್ಕುಗಳನ್ನು ಗುರುತಿಸುವ ಎಕ್ಸ್‌ಟಿಐಡಿಇ ಯೂನಿವರ್ಸಲ್ ಬಯೋಸ್‌ನ ಎಟಿ ಅಥವಾ 386 ಆವೃತ್ತಿಯನ್ನು 8 ಕೆಬಿಯ ಈಪ್ರಾಮ್ ಚಿಪ್ಪಿಗೆ ಬರೆದು, ಐಎಸ್‌ಎ ನೆಟ್‌ವರ್ಕ್ ಕಾರ್ಡಿನ ಬೂಟ್ ರಾಮ್ ಸಾಕೆಟ್ಟಿನಲ್ಲಿ ಕೂರಿಸಬಹುದು. ಆಗ ಮೂಲ ಬಯೋಸ್‌ನಲ್ಲಿ ಹಾರ್ಡ್ ಡಿಸ್ಕ್ ಇಲ್ಲ ಎಂದು ಹಾಕಬೇಕು.

ಪಾರ್ಟಿಷನ್ ಮಾಡುವ ಹಂತದಲ್ಲೇ ಹೆಚ್ಚಿನವರು ಎಡವುತ್ತಾರೆ. ಕಾರ್ಡನ್ನು ಹೊಸ ಕಂಪ್ಯೂಟರಿನ ರೀಡರ್‌ಗೆ ಹಾಕಿ ಅಲ್ಲೇ ಪಾರ್ಟಿಷನ್, ಫಾರ್ಮ್ಯಾಟ್ ಮಾಡಿ ತಂದರೆ 486 ಬೂಟ್ ಆಗುವುದಿಲ್ಲ. ಹೊಸ ಯಂತ್ರ 255 ಹೆಡ್ ಎಂದು ಲೆಕ್ಕ ಹಿಡಿದಿರುತ್ತದೆ, ಹಳೆ ಬಯೋಸ್ 16 ಅಥವಾ 128 ಎಂದು ಹಿಡಿಯುತ್ತದೆ. ಬೂಟ್ ಸೆಕ್ಟರಿನಲ್ಲಿ ಬರೆದ ಲೆಕ್ಕಕ್ಕೂ ಇದಕ್ಕೂ ತಾಳ ತಪ್ಪುತ್ತದೆ. ಕ್ರಮ ಹೀಗಿರಲಿ. ಕಾರ್ಡಿನ ಮೊದಲ ಕೆಲವು ಸೆಕ್ಟರುಗಳನ್ನು ಸೊನ್ನೆಯಿಂದ ತುಂಬಿಸಿ, ಕ್ಯಾಮೆರಾ ಬರೆದ ಹಳೆಯ ಪಾರ್ಟಿಷನ್ ಕುರುಹು ಹೋಗಲಿ. ಇದನ್ನು ರೀಡರಿನಲ್ಲೇ ಮಾಡಬಹುದು. ಕಾರ್ಡನ್ನು ಹಳೆ ಯಂತ್ರಕ್ಕೆ ಮಾಸ್ಟರ್ ಆಗಿ ಹಾಕಿ, ಬಯೋಸ್‌ನಲ್ಲಿ ಆಟೋ ಡಿಟೆಕ್ಟ್ ಕೊಡಿ. ನಾರ್ಮಲ್, ಎಲ್‌ಬಿಎ, ಲಾರ್ಜ್ ಎಂಬ ಆಯ್ಕೆ ಬಂದರೆ 504 ಎಂಬಿಯೊಳಗಿನ ಕಾರ್ಡಿಗೆ ನಾರ್ಮಲ್, ಅದಕ್ಕಿಂತ ದೊಡ್ಡದಕ್ಕೆ ಎಲ್‌ಬಿಎ. ಡಾಸ್ ಫ್ಲಾಪಿಯಿಂದ ಬೂಟ್ ಮಾಡಿ ಎಫ್‌ಡಿಸ್ಕ್‌ನಲ್ಲಿ ಪ್ರೈಮರಿ ಪಾರ್ಟಿಷನ್ ಮಾಡಿ, ಅದನ್ನು ಆಕ್ಟಿವ್ ಮಾಡಿ. ಎಫ್‌ಡಿಸ್ಕನ್ನು ಎಂಬಿಆರ್ ಸ್ವಿಚ್ ಜೊತೆ ಇನ್ನೊಮ್ಮೆ ಓಡಿಸಿ. ಕ್ಯಾಮೆರಾ ಕಾರ್ಡಿನ ಮೊದಲ ಸೆಕ್ಟರಿನಲ್ಲಿ ಬೂಟ್ ಮಾಡಿಸುವ ಕೋಡ್ ಇರುವುದಿಲ್ಲ, ಈ ಹೆಜ್ಜೆ ತಪ್ಪಿದರೆ ಖಾಲಿ ಪರದೆಯೇ ಗತಿ. ರೀಬೂಟ್ ಮಾಡಿ ಸಿಸ್ಟಮ್ ಫೈಲುಗಳ ಸಮೇತ ಫಾರ್ಮ್ಯಾಟ್ ಮಾಡಿ. ಇಷ್ಟಾದ ಮೇಲೆ ಕಡತ ತುಂಬಿಸಲು ರೀಡರ್ ಬಳಸಿದರೆ ತೊಂದರೆಯಿಲ್ಲ.

ಹಳೆ ಡಿಸ್ಕ್ ಮತ್ತು ಕಾರ್ಡನ್ನು ಒಂದೇ ಕೇಬಲಿನಲ್ಲಿ ಮಾಸ್ಟರ್–ಸ್ಲೇವ್ ಮಾಡಲು ಹೋಗಿ ಸಮಯ ಹಾಳುಮಾಡಬೇಡಿ. ಎರಡೂ ಒಂದಕ್ಕೊಂದು ಒಗ್ಗುವುದು ಅನುಮಾನ. ಎರಡನೇ ಚಾನೆಲ್ ಇದ್ದರೆ ಬೇರೆ ಬೇರೆ ಕೇಬಲಿಗೆ ಹಾಕಿ.

ಬಯೋಸ್ ಸೆಟ್ಟಿಂಗ್ ಉಳಿಯಬೇಕೆಂದರೆ ಬ್ಯಾಟರಿ ಸರಿಯಿರಬೇಕು. ಕಾರ್ಡ್ ಕೆಟ್ಟಿತು ಎಂದು ಬರುವ ದೂರುಗಳಲ್ಲಿ ಎಷ್ಟೋ ನಿಜವಾಗಿ ಬ್ಯಾಟರಿಯವು: ಬ್ಯಾಟರಿ ಸತ್ತು ಎಲ್‌ಬಿಎ ಇದ್ದದ್ದು ನಾರ್ಮಲ್ ಆಗಿರುತ್ತದೆ, ಡಿಸ್ಕ್ ಕಲಸಿಹೋದಂತೆ ಕಾಣುತ್ತದೆ. ಆ ಸ್ಥಿತಿಯಲ್ಲಿ ಏನನ್ನೂ ಬರೆಯಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಮೊದಲು ಬಯೋಸ್ ನೋಡಿ. ಸಿಲಿಂಡರ್, ಹೆಡ್, ಸೆಕ್ಟರ್, ಮೋಡ್ ನಾಲ್ಕನ್ನೂ ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಗೆ ಅಂಟಿಸಿಡುವುದು ಬಹಳ ಉಪಯೋಗಕ್ಕೆ ಬರುತ್ತದೆ.

ಬ್ಯಾಟರಿ ಎರಡು ಬಗೆ. ಪೀಪಾಯಿ ಆಕಾರದ 3.6 ವೋಲ್ಟಿನ ನಿಕಲ್–ಕ್ಯಾಡ್ಮಿಯಮ್ ಬ್ಯಾಟರಿ ಇದ್ದರೆ ಸೋರಿರಲಿ ಬಿಡಲಿ, ಇವತ್ತೇ ಕತ್ತರಿಸಿ ತೆಗೆಯಿರಿ. ಅದರ ಕ್ಷಾರ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರು ಕಿಲುಬಿಗೆ ಬಿಳಿ ವಿನೆಗರ್ ಹಚ್ಚಿ, ನೀರಿನಲ್ಲಿ ತೊಳೆದು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಪೂರ್ತಿ ಒಣಗಿಸಿ. ಆ ಜಾಗಕ್ಕೆ ಸಿಆರ್2032 ಹಾಕುವುದಾದರೆ ಸರಣಿಯಲ್ಲಿ ಒಂದು ಶಾಟ್ಕಿ ಡಯೋಡ್ ಕಡ್ಡಾಯ, ಏಕೆಂದರೆ ಬೋರ್ಡು ಆ ಬ್ಯಾಟರಿಯನ್ನು ಚಾರ್ಜ್ ಮಾಡಲು ನೋಡುತ್ತದೆ, ನಾಣ್ಯದ ಸೆಲ್ ಚಾರ್ಜ್ ತಾಳುವುದಿಲ್ಲ. ಇನ್ನೊಂದು ಬಗೆ ಡಾಲಸ್ ಡಿಎಸ್12887, ಕಪ್ಪು ಇಟ್ಟಿಗೆಯಂಥ ಗಡಿಯಾರದ ಚಿಪ್, ಸೆಲ್ ಒಳಗೇ ಹುದುಗಿದೆ. ಹೊಸದೆಂದು ಮಾರುವವುಗಳ ಮೇಲಿನ ತಾರೀಖಿನ ಸಂಕೇತ ನೋಡಿ, ಹಳೆ ದಾಸ್ತಾನಾದರೆ ಒಳಗಿನ ಸೆಲ್ ಆಗಲೇ ಖಾಲಿಯಾಗಿರಬಹುದು. ಕೈ ಸ್ಥಿರವಿರುವವರು ಬದಿಯ ಎಪಾಕ್ಸಿಯನ್ನು 16 ಮತ್ತು 20ನೇ ಪಿನ್ನಿನ ಬಳಿ ಸವೆಸಿ, ಒಳಗಿನ ಸೆಲ್ಲಿನ ಸಂಪರ್ಕ ಕತ್ತರಿಸಿ, 20ಕ್ಕೆ ಪ್ಲಸ್, 16ಕ್ಕೆ ಮೈನಸ್ ಬರುವಂತೆ ಸಿಆರ್2032 ಹೋಲ್ಡರ್ ಸೋಲ್ಡರ್ ಮಾಡಬಹುದು. ಇಲ್ಲಿ ಡಯೋಡ್ ಬೇಡ.

ಹಾರ್ಡ್ ಡಿಸ್ಕ್ ತೆಗೆದ ಮೇಲೆ ಎದುರಾಗುವ ಒಂದು ತೊಂದರೆಯನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಳೆ ಎಟಿ ಪವರ್ ಸಪ್ಲೈಗೆ ಕನಿಷ್ಠ ಹೊರೆ ಬೇಕು. 12 ವೋಲ್ಟಿನ ಮೇಲಿದ್ದ ದೊಡ್ಡ ಹೊರೆ ಡಿಸ್ಕಿನ ಮೋಟಾರು. ಸಿಎಫ್ ಕಾರ್ಡ್ 12 ವೋಲ್ಟನ್ನು ಮುಟ್ಟುವುದೇ ಇಲ್ಲ. ಪರಿಣಾಮವಾಗಿ ಕೆಲವು ಸಪ್ಲೈಗಳು ಶುರುವಾಗುವುದಿಲ್ಲ, ಕೆಲವು ಅಡ್ಡಾದಿಡ್ಡಿ ವೋಲ್ಟೇಜ್ ಕೊಡುತ್ತವೆ. ಯಂತ್ರ ಓಡುತ್ತಿರುವಾಗ 5 ವೋಲ್ಟ್ ತಂತಿ 4.75ರಿಂದ 5.25ರೊಳಗೆ ಇದೆಯೇ ಅಳೆಯಿರಿ. ಇಲ್ಲದಿದ್ದರೆ 12 ವೋಲ್ಟಿನ ಹಳದಿ ತಂತಿ ಮತ್ತು ಕಪ್ಪು ತಂತಿಯ ನಡುವೆ 47 ಓಮ್, 10 ವ್ಯಾಟಿನ ಸಿರಾಮಿಕ್ ರೆಸಿಸ್ಟರ್ ಹಾಕಿ. ಅದು ಸುಮಾರು ಕಾಲು ಆಂಪಿಯರ್ ಎಳೆಯುತ್ತದೆ, 3 ವ್ಯಾಟ್ ಬಿಸಿಯಾಗುತ್ತದೆ. ಕೇಬಲಿಗೆ ತಾಗದಂತೆ ಗಾಳಿಯಾಡುವ ಕಡೆ ಬಿಗಿಯಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ ಬಿಡಿಭಾಗದ ಕಡೆ ಇದು ಚಿಲ್ಲರೆ ಕಾಸಿನ ವಸ್ತು.

ವೇಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಐಎಸ್‌ಎ ಬಸ್ಸಿನ ಮೇಲೆ ದೊಡ್ಡ ಕಡತ ನಕಲಿಸುವ ವೇಗ ಅಷ್ಟೇನೂ ಏರುವುದಿಲ್ಲ, ಬಸ್ಸೇ ಅಡ್ಡಿ. ಆದರೆ ಹೆಡ್ ಓಡಾಡುವ ಕಾಲ ಉಳಿಯುವುದರಿಂದ ವಿಂಡೋಸ್ ತೆರೆಯುವುದು, ಫಾಂಟ್ ಪಟ್ಟಿ ಬರುವುದು ಚುರುಕಾಗುತ್ತದೆ. ಕೆಲವು ಸೆಟ್ಟಿಂಗ್ ಬದಲಿಸಿ: ವಿಂಡೋಸ್ 3.1ರ 32 ಬಿಟ್ ಡಿಸ್ಕ್ ಆಕ್ಸೆಸ್ 1024 ಸಿಲಿಂಡರ್ ದಾಟಿದ ಡಿಸ್ಕಿಗೆ ಹೊಂದುವುದಿಲ್ಲ, ಆಫ್ ಇಡಿ. ಓದುವಾಗ ತಪ್ಪು ಬಂದರೆ ಬಯೋಸ್‌ನ ಬ್ಲಾಕ್ ಮೋಡ್ ಆಫ್ ಮಾಡಿ ನೋಡಿ. ಸ್ಮಾರ್ಟ್‌ಡ್ರೈವ್‌ನ ಬರೆಯುವ ಕ್ಯಾಶೆ (ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ತಡೆದಿಡುವುದು) ಬೇಡ. ವಿಂಡೋಸ್ 98ಕ್ಕೆ 64 ಎಂಬಿಯಾದರೂ ರ‍್ಯಾಮ್ ಕೊಟ್ಟು ಸ್ವಾಪ್ ಬರಹ ತಗ್ಗಿಸಿ. ಡಿಫ್ರಾಗ್‌ನಿಂದ ಕಾರ್ಡಿಗೆ ಸವೆತವೇ ಹೊರತು ಲಾಭವಿಲ್ಲ.

ನನ್ನ ದೊಡ್ಡ ಆಕ್ಷೇಪ ಕರೆಂಟಿಗೆ ಸಂಬಂಧಿಸಿದ್ದು. ಬರೆಯುತ್ತಿರುವಾಗ ಕರೆಂಟ್ ಹೋದರೆ ಹಾರ್ಡ್ ಡಿಸ್ಕಿನಲ್ಲಿ ಒಂದೆರಡು ಕಡತ ಹಾಳಾಗುತ್ತಿತ್ತು. ಅಗ್ಗದ ಕಾರ್ಡಿನಲ್ಲಿ ಯಾವ ಸೆಕ್ಟರ್ ಎಲ್ಲಿದೆ ಎಂಬ ಒಳಗಿನ ನಕ್ಷೆಯೇ ಕೆಟ್ಟು ಇಡೀ ಕಾರ್ಡ್ ಓದದೆ ಹೋಗಬಹುದು. ಮುನ್ಸೂಚನೆಯ ಸದ್ದೂ ಇರುವುದಿಲ್ಲ. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಇದನ್ನು ಕೆಲಸದ ಯಂತ್ರಕ್ಕೆ ಹಾಕಬೇಡಿ. ಎಸ್‌ಡಿ ಕಾರ್ಡಿನ ಅಡಾಪ್ಟರುಗಳೂ ಸಿಗುತ್ತವೆ, ಅವುಗಳಲ್ಲಿ ಮಧ್ಯೆ ಪರಿವರ್ತನೆಯ ಚಿಪ್ ಇರುವುದರಿಂದ ಹಳೆ ಬಯೋಸ್‌ಗಳ ಜೊತೆ ಕಿರಿಕಿರಿ ಹೆಚ್ಚು. ಐಡಿಇ ಕನೆಕ್ಟರಿಗೆ ನೇರವಾಗಿ ಸಿಕ್ಕಿಸುವ ಫ್ಲ್ಯಾಶ್ ಡಿಸ್ಕು, ಅಂದರೆ ಡಿಸ್ಕ್ ಆನ್ ಮಾಡ್ಯೂಲ್ ಸಿಕ್ಕರೆ ಅದು ಒಳ್ಳೆಯ ಆಯ್ಕೆ.

ಕಾರ್ಡ್ ಕೊಳ್ಳುವಾಗ ಅದೇ ಕಂಪನಿಯ, ಅದೇ ಮಾದರಿಯ, ಅದೇ ಗಾತ್ರದ ಎರಡು ಕೊಳ್ಳಿ. ಎಲ್ಲ ಸಿದ್ಧವಾದ ಮೇಲೆ ರೀಡರಿನಲ್ಲಿ ಪೂರ್ತಿ ಕಾರ್ಡಿನ ಇಮೇಜ್ ತೆಗೆದು ಎರಡನೆಯದಕ್ಕೆ ಬರೆದು, ಅದು ಬೂಟ್ ಆಗುವುದನ್ನು ನೋಡಿ ತೆಗೆದಿಡಿ. ಬೇರೆ ಮಾದರಿಯ ಕಾರ್ಡಿನ ಹೆಡ್, ಸಿಲಿಂಡರ್ ಲೆಕ್ಕ ಬೇರೆಯಿದ್ದರೆ ಅದೇ ಇಮೇಜ್ ಬೂಟ್ ಆಗದೇ ಇರಬಹುದು. ಡಿಟಿಪಿ ಯಂತ್ರವಾದರೆ ಕಡತಗಳ ಜೊತೆ ಫಾಂಟ್ಸ್ ಫೋಲ್ಡರನ್ನೂ ಬೇರೆಯಾಗಿ ನಕಲು ಮಾಡಿಟ್ಟುಕೊಳ್ಳಿ. ಯೂನಿಕೋಡ್ ಬರುವ ಮುಂಚಿನ ಕನ್ನಡ ಕಡತಗಳಲ್ಲಿರುವುದು ಆಯಾ ಫಾಂಟಿನ ಸಂಕೇತಗಳು ಮಾತ್ರ. ಆ ಫಾಂಟ್ ಕಳೆದುಹೋದರೆ ಪುಟದ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಯಾವ ಪರಿವರ್ತಕ ಹಾಕಬೇಕು ಎಂಬುದೂ ತಿಳಿಯುವುದಿಲ್ಲ.