ಕೋಲ್ಟ್ ನೇವಿಯೋ, ರೆಮಿಂಗ್ಟನ್ನೋ?

ಕರಿಮದ್ದಿನ ರಿವಾಲ್ವರಿನಲ್ಲಿ ಗುರಿ ಹೊಡೆಯುವ ಮಜಾ ಅವಸರದವರಿಗಲ್ಲ. ಢಂ ಅಂದ ಮೇಲೆ ಬಿಳಿ ಹೊಗೆ ಸರಿಯುವವರೆಗೆ ಗುಂಡು ಎಲ್ಲಿ ಬಿತ್ತೋ ಗೊತ್ತಾಗುವುದಿಲ್ಲ!

1851ರ ಕೋಲ್ಟ್ ನೇವಿ .36 ಕ್ಯಾಲಿಬರ್, ಅಂದರೆ ನಳಿಗೆಯ ಒಳ ಅಗಲ ಸುಮಾರು .36 ಇಂಚು. ಹಿಡಿ ಕೈಗೆ ಸೊಗಸಾಗಿ ಕೂರುತ್ತದೆ, ಒದೆತ ಕಡಿಮೆ. ಆದರೆ ಗುರಿ ನೋಡುವ ಹಿಂದಿನ ಸೈಟ್ ಅಂದರೆ ಹ್ಯಾಮರ್ (ಹೊಡೆಯುವ ಸುತ್ತಿಗೆ) ಮೇಲಿನ ಪುಟ್ಟ ಕಚ್ಚು, ಅಷ್ಟೇ. ಮದ್ದಿಗೆ ಕಿಡಿ ಕೊಡುವ ಪುಟ್ಟ ಕ್ಯಾಪ್ ಒಡೆದು ಅದರ ಚೂರು ಒಳಗೆ ಬಿದ್ದರೆ ಆಟ ಅಲ್ಲಿಗೇ ನಿಂತಿತು.

ರೆಮಿಂಗ್ಟನ್ ನ್ಯೂ ಮಾಡೆಲ್ ಆರ್ಮಿ .44. ಗುಂಡು ತುಂಬುವ, ತಿರುಗುವ ಸಿಲಿಂಡರ್ ಮೇಲೆ ಗಟ್ಟಿ ಪಟ್ಟಿಯಿದೆ, ಸೈಟಿನ ಗೀರು ಅದರಲ್ಲೇ. ಪಿನ್ ಎಳೆದರೆ ಸಿಲಿಂಡರ್ ಕೈಗೆ ಬರುತ್ತದೆ. ಕೋಲ್ಟಿನಲ್ಲಿ ಬೆಣೆ ಬಡಿದು ನಳಿಗೆಯನ್ನೇ ಕಳಚಬೇಕು. ಆದರೆ ರೆಮಿಂಗ್ಟನ್ ಮಸಿ ಕಟ್ಟಿ ಬೇಗ ಬಿಗಿಯುತ್ತದೆ.

ಅಂಕ ಜಾಸ್ತಿ ಬೇಕಾದರೆ ರೆಮಿಂಗ್ಟನ್. ಸುಮ್ನೆ ಖುಷಿಗೆ ನಾನಂತೂ ಕೋಲ್ಟ್ ಎತ್ತಿಕೊಳ್ಳುತ್ತೇನೆ. ಯಾವುದಾದರೂ ಅದೇ ದಿನ ಬಿಸಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಇಲ್ಲಾಂದ್ರೆ ತುಕ್ಕು ಗ್ಯಾರಂಟಿ.