ಕರೆಂಟ್ ಹೋಗಿ ಬಂದ ಮೇಲೆ ಎದ್ದು ನಿಲ್ಲುವ ಟನಲ್ ಯಾವುದು?

ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿರುವ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರನ್ನು ನಾನು ಬೆಂಗಳೂರಿನಿಂದ ನಿರ್ವಹಿಸಬೇಕಾಗಿತ್ತು. ಮನೆಯ ಬ್ರಾಡ್‌ಬ್ಯಾಂಡ್‌ಗೆ ದೊರೆತದ್ದು 100.64ರಿಂದ ಆರಂಭವಾಗುವ ವಿಳಾಸ. ಅಂದರೆ ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುವ ವ್ಯವಸ್ಥೆ. ಹೊರಗಿನಿಂದ ಒಳಬರುವ ದಾರಿ ಇಲ್ಲದ ಕಾರಣ, ಪೈ ಯಂತ್ರವೇ ಸ್ಥಿರ ವಿಳಾಸದ ಒಂದು ಬಾಡಿಗೆ ಸರ್ವರ್‌ಗೆ ಸಂಪರ್ಕ ಹೂಡಿ ಅದನ್ನು ಸದಾ ಉಳಿಸಿಕೊಳ್ಳಬೇಕು. ಹೀಗೆ ಎರಡು ಯಂತ್ರಗಳ ನಡುವೆ ಉಳಿಯುವ ಗೂಢಲಿಪಿಯ ಸಂಪರ್ಕವೇ ಟನಲ್. ಇದಕ್ಕಾಗಿ ಓಪನ್‌ವಿಪಿಎನ್, ವೈರ್‌ಗಾರ್ಡ್ ಮತ್ತು ಎಸ್‌ಎಸ್‌ಎಚ್ ರಿವರ್ಸ್ ಟನಲ್ ಮೂರನ್ನೂ ಸರ್ವರ್‌ನಲ್ಲಿ ಡಾಕರ್ ಕಂಟೇನರ್‌ಗಳಾಗಿ (ಉಳಿದವುಗಳಿಂದ ಪ್ರತ್ಯೇಕವಾಗಿ ಓಡುವ ಪೊಟ್ಟಣಗಳಾಗಿ) ನಡೆಸಿ ನೋಡಿದೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ತಾನಾಗಿಯೇ ಹೋಗಿಬರುವುದರಿಂದ ಪರೀಕ್ಷೆಯನ್ನು ಪ್ರತ್ಯೇಕವಾಗಿ ಏರ್ಪಡಿಸುವ ಶ್ರಮ ಬೀಳಲಿಲ್ಲ.

ಓಪನ್‌ವಿಪಿಎನ್ ನಂಬಿಕೆಗೆ ಅರ್ಹವೇ ಆಗಿತ್ತು, ಆದರೆ ಒಂದೇ ಒಂದು ಯಂತ್ರಕ್ಕಾಗಿ ಪ್ರಮಾಣಪತ್ರಗಳ ಸಂಸಾರವನ್ನೇ ಹೂಡಬೇಕಾಯಿತು. ಪೈ 4ರ ಪ್ರೊಸೆಸರ್‌ನಲ್ಲಿ ಎಇಎಸ್ ಎಂಬ ಗೂಢಲಿಪಿ ವಿಧಾನಕ್ಕೆ ಯಂತ್ರಾಂಶದ ನೆರವಿಲ್ಲದಿರುವುದರಿಂದ ಕಡತಗಳ ಬ್ಯಾಕಪ್ ನಿಧಾನವಾಗುತ್ತಿತ್ತು.

ವೈರ್‌ಗಾರ್ಡ್ ಈ ಎರಡೂ ತೊಡಕುಗಳಿಂದ ಮುಕ್ತ. ಎರಡು ಕಡೆಯ ಕೀಲಿಗಳು, ಹತ್ತಾರು ಸಾಲಿನ ಒಂದು ಕಡತ, 51820ರ ಯುಡಿಪಿ ಪೋರ್ಟ್, ಇಷ್ಟೇ. 2020ರಲ್ಲಿ ಬಂದ ಲಿನಕ್ಸ್ 5.6ರಿಂದ ಇದು ಕರ್ನಲ್‌ನ (ಕಾರ್ಯಾಚರಣಾ ವ್ಯವಸ್ಥೆಯ ತಿರುಳಿನ) ಭಾಗವೇ ಆಗಿದ್ದು, ಕಂಟೇನರ್ ಕೂಡ ಆತಿಥೇಯ ಯಂತ್ರದ ಕರ್ನಲ್ಲನ್ನೇ ಬಳಸುತ್ತದೆ. ಹೀಗಾಗಿ ಹಳೆಯ ಕರ್ನಲ್‌ನ ಅಗ್ಗದ ಸರ್ವರ್ ಹಿಡಿದವರು ಮೊದಲೇ ಪರಿಶೀಲಿಸುವುದು ಒಳಿತು. 25 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ (ಸಂಪರ್ಕವನ್ನು ಜೀವಂತವಾಗಿಡುವ ಪುಟ್ಟ ಸಂದೇಶ) ಕಳುಹಿಸುವಂತೆ ಪೈ ಕಡೆ ಬರೆದರೆ ಸಂಪರ್ಕ ಮುರಿಯುವುದಿಲ್ಲ.

ಆದರೂ ಒಂದು ರಾತ್ರಿ ಕರೆಂಟ್ ಬಂದ ಮೇಲೆ ಅದು ಮೇಲೇಳಲೇ ಇಲ್ಲ, ದೋಷದ ಒಂದು ಸಾಲೂ ಲಾಗ್‌ನಲ್ಲಿರಲಿಲ್ಲ. ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಅದು ಹಳೆಯ ಸಮಯದೊಂದಿಗೆ ಎದ್ದಿತ್ತು. ವೈರ್‌ಗಾರ್ಡ್ ಸಂಪರ್ಕ ಹೂಡುವ ಪ್ರತಿ ಹ್ಯಾಂಡ್‌ಶೇಕ್‌ನಲ್ಲೂ ಸಮಯಮುದ್ರೆ ಇರಿಸುತ್ತದೆ, ಮತ್ತು ಹಿಂದೆ ಕಂಡದ್ದಕ್ಕಿಂತ ಹಳೆಯದು ಬಂದರೆ ಸರ್ವರ್ ಅದನ್ನು ಮರುಪ್ರಯೋಗದ ದಾಳಿಯೆಂದು ಬಗೆದು ಮೌನವಾಗಿ ಕೈಬಿಡುತ್ತದೆ. ಸಮಯ ಸರಿಪಡಿಸುವ ಎನ್‌ಟಿಪಿ ಸಂಚಾರವನ್ನೂ ನಾನು ಟನಲ್ ಮೂಲಕವೇ ಹರಿಸಿದ್ದೆ. ಟನಲ್ ಇಲ್ಲದೆ ಸಮಯವಿಲ್ಲ, ಸಮಯವಿಲ್ಲದೆ ಟನಲ್ ಇಲ್ಲ.

ಎಸ್‌ಎಸ್‌ಎಚ್‌ಗೆ ಗಡಿಯಾರದ ಹಂಗಿಲ್ಲ. ಸಾಮಾನ್ಯ ಕೀಲಿಜೋಡಿ ಸಾಕು. ಅದರ ತೊಂದರೆಗಳೇ ಬೇರೆ. ಪೈ ಕಡೆಗೆ ಒಯ್ಯುವ ರಿವರ್ಸ್ ಪೋರ್ಟ್ ಕಂಟೇನರಿನ ಒಳಗಿನ ಲೂಪ್‌ಬ್ಯಾಕ್‌ಗೆ (ಯಂತ್ರ ತನ್ನೊಂದಿಗೇ ಮಾತಾಡುವ ವಿಳಾಸಕ್ಕೆ) ಮಾತ್ರ ಅಂಟಿಕೊಳ್ಳುವುದರಿಂದ, ಗೇಟ್‌ವೇಪೋರ್ಟ್ಸ್ ಆಯ್ಕೆಯನ್ನು ತೆರೆಯದಿದ್ದರೆ ಹೊರಗಿನಿಂದ ಅದನ್ನು ತಲುಪಲಾಗದು. ಹೀಗೆ ತೆರೆದು ಪ್ರಕಟಿಸಿದ ಪೋರ್ಟ್‌ಗಳು ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್‌ನ ನಿಯಮಗಳನ್ನು ದಾಟಿಹೋಗುತ್ತವೆ ಎಂಬುದು ಡಾಕರ್ ಬಳಸುವ ಅನೇಕರಿಗೆ ತಡವಾಗಿ ತಿಳಿಯುವ ಸಂಗತಿ, ಆದ್ದರಿಂದ ಸರ್ವರ್‌ನದೇ ಲೂಪ್‌ಬ್ಯಾಕ್ ಆದ 127.0.0.1ಕ್ಕೆ ಮಾತ್ರ ಪ್ರಕಟಿಸಿದೆ. ಸರ್ವರ್‌ನ ಗುರುತಾದ ಹೋಸ್ಟ್ ಕೀಲಿಗಳನ್ನು ವಾಲ್ಯೂಮ್‌ನಲ್ಲಿ (ಕಂಟೇನರ್ ಅಳಿದರೂ ಉಳಿಯುವ ಜಾಗದಲ್ಲಿ) ಇಡದೆ ಕಂಟೇನರ್ ಅನ್ನು ಹೊಸದಾಗಿ ಕಟ್ಟಿದ ದಿನ, ಗುರುತು ಬದಲಾಯಿತೆಂದು ಪೈ ಸಂಪರ್ಕವನ್ನೇ ನಿರಾಕರಿಸಿತು. ಅದು ತಪ್ಪೇನೂ ಮಾಡಲಿಲ್ಲ. ಊರಿಗೆ ಹೋಗಬೇಕಾದವನು ನಾನಾದೆ. ಕರೆಂಟ್ ಹೋದಾಗ ಸರ್ವರ್ ಹಳೆಯ ಸಂಪರ್ಕವನ್ನು ಬದುಕಿದೆಯೆಂದೇ ಭಾವಿಸಿ ಪೋರ್ಟ್ ಬಿಡದಿರುವುದೂ ಉಂಟು. ಸರ್ವರ್ ಕಡೆ 30 ಸೆಕೆಂಡಿಗೊಮ್ಮೆ ಮೂರು ಬಾರಿ ವಿಚಾರಿಸಿ ಬಿಟ್ಟುಬಿಡುವಂತೆ ಹೇಳಿದ ಮೇಲೆ ಆ ಕಾಟ ಒಂದೂವರೆ ನಿಮಿಷಕ್ಕೆ ಇಳಿಯಿತು.

ಓಪನ್‌ವಿಪಿಎನ್ ಅನ್ನು ತೆಗೆದುಹಾಕಿದ್ದೇನೆ. ದಿನಬಳಕೆಗೆ ವೈರ್‌ಗಾರ್ಡ್ ಇದೆ, ಎನ್‌ಟಿಪಿ ಈಗ ಅದರ ಹೊರಗೆ ಹರಿಯುತ್ತದೆ. ಹಿತ್ತಲ ಬಾಗಿಲಾಗಿ ಎಸ್‌ಎಸ್‌ಎಚ್ ಮಾತ್ರ ಹಾಗೆಯೇ ಉಳಿದಿದೆ.