ಮೊದಲ ಕೈಗಡಿಯಾರವಾಗಿ ಎಚ್‌ಎಂಟಿ ಜನತಾ

ಕೈಗಡಿಯಾರಗಳನ್ನು ಸಂಗ್ರಹಿಸಲು ಹೊರಟವರು ಮೊದಲು ಯಾವುದನ್ನು ಕೊಳ್ಳಬೇಕೆಂದು ಕೇಳಿದಾಗಲೆಲ್ಲ ನಾನು ಎಚ್‌ಎಂಟಿ ಜನತಾವನ್ನೇ ಸೂಚಿಸುತ್ತೇನೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ತಯಾರಿಕೆಯ ಪರಂಪರೆಗೆ ಸೇರಿದ, ಒಳಗಿನ ಚಕ್ರಗಳು ಸವೆಯದಂತೆ 17 ಹರಳುಗಳನ್ನು ಕೂರಿಸಿದ ಈ ಗಡಿಯಾರಕ್ಕೆ ಬ್ಯಾಟರಿಯಿಲ್ಲ. ದಿನಕ್ಕೊಮ್ಮೆ ಕೀ ಕೊಡಬೇಕು. ಬೆಳಿಗ್ಗೆ ಕೀ ತಿರುಗಿಸುವಾಗ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತ ಬರುವುದು ಬೆರಳಿಗೇ ತಿಳಿಯುತ್ತದೆ. ಯಂತ್ರದ ಒಳಗುಟ್ಟನ್ನು ಇಷ್ಟು ಸರಳವಾಗಿ ಕಲಿಸುವ ಗಡಿಯಾರ ಅಪರೂಪ. ದಿನಕ್ಕೆ ಅರ್ಧ ನಿಮಿಷ ಹಿಂದುಮುಂದಾದರೆ ಅದನ್ನು ದೋಷವೆಂದು ತಿಳಿಯಬೇಕಿಲ್ಲ. ನೀರು ಮಾತ್ರ ತಾಗಿಸಬಾರದು. ತಯಾರಿಕೆ ನಿಂತಿರುವುದರಿಂದ ಈಗ ಸಿಗುವುದು ಹಳೆಯವೇ; ಅವುಗಳಲ್ಲಿ ಹಲವು ಗಡಿಯಾರಗಳ ಡಯಲ್‌ಗೆ ಹೊಸದಾಗಿ ಬಣ್ಣ ಬಳಿದಿರುತ್ತಾರೆ. ನಾನು ಕೊಂಡ ಮೊದಲನೆಯದನ್ನು ಭೂತಗನ್ನಡಿಯಲ್ಲಿ ನೋಡಿದಾಗ ಅಕ್ಷರಗಳ ಅಂಚೆಲ್ಲ ಹರಡಿಕೊಂಡಿತ್ತು. ಹೊಳಪಿಗೆ ಮರುಳಾಗದೆ, ಹಿಂಬದಿಯ ಮುಚ್ಚಳ ತೆಗೆಸಿ ಯಂತ್ರವನ್ನು ಕಣ್ಣಾರೆ ನೋಡಿದ ಮೇಲೆಯೇ ಹಣ ಕೊಡಿ.